ನಿದ್ದೆಗೆಡಿಸುವ ಹುಡುಗಿಯ ಕಥೆ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಯನ್ನು ನೋಡಿಕೊಳ್ಳುತ್ತಿದ್ದವಳು ಕೌಸರ್, ಮೋಟಾರು ರಿಪೇರಿಯ ದಾವಲ್ ಸಾಬರ ಮಗಳು. ಗಿರಾಕಿ ಇಲ್ಲದಾಗ ಜಪಾನಿನ ಚಿತ್ರಕಥೆಗಳಾದ ಮಾಂಗಾಗಳನ್ನು ಪರದೆಯ ಮೇಲೆ ಓದುವಳು. ಹೊಸಪೇಟೆಯ ವಾರಪತ್ರಿಕೆಯೊಂದಕ್ಕೆ ಅವುಗಳ ವಿಮರ್ಶೆ ಬರೆಯುವಳು.

2006ರ ಬೇಸಿಗೆಯಲ್ಲಿ ಒಂದು ವೈಜ್ಞಾನಿಕ ಸರಣಿಯ ಬಗ್ಗೆ ಬರೆದಳು. ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಜನರ ಮನಸ್ಸನ್ನೇ ಬದಲಿಸುವ ಕಥೆ. ‘ಚಿತ್ರಗಳು ಕಣ್ಣನ್ನು ಹಿಡಿದಿಡುತ್ತವೆ. ಆದರೆ ನಾಲ್ಕನೇ ಸಂಪುಟದಿಂದ ಕಥೆಗಾರನಿಗೆ ಆ ಶಕ್ತಿಯ ಮೇಲೇ ಮೋಹ. ಮನಸ್ಸು ಕಳೆದುಕೊಂಡವರ ಮನೆಯೊಳಗೆ ಒಮ್ಮೆಯೂ ಇಣುಕುವುದಿಲ್ಲ.’

ಅದನ್ನು ಓದಿಕೊಂಡು ಮರುಳಪ್ಪ ಬಂದ. ಕೂಡ್ಲಿಗಿಯಲ್ಲಿ ನೆನಪಿನ ಶಕ್ತಿ ಹೆಚ್ಚಿಸುವ ಶಿಬಿರ ನಡೆಸುವವನು. ಮೆತ್ತನೆಯ ದನಿ.

“ಆ ಹುಡುಗಿ ಮೊದಲು ಏನ್ ಮಾಡ್ತಾಳ್ರಿ?”

“ನಿದ್ದಿ ಕೆಡಿಸ್ತಾಳ್ರಿ. ಆಮ್ಯಾಲೆ ಮನಿ ಮಂದಿ ಸುಳ್ಳು ಹೇಳ್ತಾರ ಅನ್ನಿಸ್ತಾಳ,” ಎಂದಳು ಕೌಸರ್, ಓದುಗ ಸಿಕ್ಕ ಖುಷಿಯಲ್ಲಿ.

ಅವನು ನಗಲಿಲ್ಲ. “ಕಥಿ ಚೊಲೊ ಐತಿ,” ಎಂದು ಎದ್ದು ಹೋದ.

ಕೆಫೆಯಲ್ಲಿ ಜೊತೆಗಿದ್ದ ಸುಮಂಗಲಾ ಗುಮಾಸ್ತೆ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಳು. ನೆನಪು ಚುರುಕಾಗಲೆಂದು ಅದೇ ಶಿಬಿರ ಸೇರಿದಳು. ಕೆಲವೇ ದಿನಗಳಲ್ಲಿ ಕಣ್ಣು ಕೆಂಪಾದವು.

“ಮಲಗಂಗಿಲ್ಲೇನು?”

“ನಿದ್ದಿ ಯಾಕ ಬೇಕು,” ಎಂದಳು ಸುಮಂಗಲಾ. ಇನ್ನೊಂದು ದಿನ, ಯಾರೂ ಕೇಳದಿದ್ದರೂ, “ನಮ್ಮವ್ವ ಹೇಳೋದೆಲ್ಲ ಸುಳ್ಳೈತಿ,” ಎಂದಳು.

ಮರುಳಪ್ಪನಿಗೆ ತಾನು ಹೇಳಿದ ಮಾತು ಕೌಸರಳಿಗೆ ನೆನಪಾಯಿತು. ಆ ವಾರ ವಿಮರ್ಶೆಯ ಬದಲು ಶಿಬಿರದ ಬಗ್ಗೆಯೇ ಬರೆದು ಕಳಿಸಿದಳು. ಪತ್ರಿಕೆ ಅದನ್ನು ಹಾಕಲಿಲ್ಲ; ಆ ಜಾಗದಲ್ಲಿ ಶಿಬಿರದ ಜಾಹೀರಾತು ಇತ್ತು. ಅಷ್ಟರಲ್ಲಿ ಸುಮಂಗಲಾ ಮನೆ ಬಿಟ್ಟು ಕೂಡ್ಲಿಗಿಯಲ್ಲೇ ಉಳಿದಿದ್ದಳು.

ಅವಳ ತಾಯಿ ಗಿಡ್ಡಮ್ಮನನ್ನು ಕರೆದುಕೊಂಡು ಕೌಸರ್ ಅಲ್ಲಿಗೆ ಹೋದಳು. ಬಾಡಿಗೆ ಸಭಾಂಗಣದಲ್ಲಿ ಸಾಲಾಗಿ ಕೂತವರು ಯಾರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಮರುಳಪ್ಪ ಎದುರು ಬಂದ. “ಬರ್ರಿ. ನೀವು ಹೇಳಿದ ಕಥಿ ಭಾಳ ಉಪಯೋಗ ಆತು.”

ಗಿಡ್ಡಮ್ಮ ಮಗಳ ಕೈ ಹಿಡಿದಳು. ಸುಮಂಗಲಾ ಆ ಕೈಯನ್ನೇ ನೋಡುತ್ತಾ ಕೇಳಿದಳು: “ಈಕಿ ಯಾರು?”

ಠಾಣೆಯಲ್ಲಿ, ವಯಸ್ಸಿಗೆ ಬಂದ ಹುಡುಗಿ, ತಾನಾಗಿಯೇ ಅಲ್ಲಿದ್ದಾಳೆ ಎಂದರು. ಆ ತಿಂಗಳ ಕೊನೆಗೆ ಶಿಬಿರ ಹರಪನಹಳ್ಳಿಗೆ ಹೋಯಿತು, ಅಲ್ಲಿಂದ ಮುಂದೆ ಎಲ್ಲಿಗೋ. ಸುಮಂಗಲಾ ಅದರ ಜೊತೆಗೇ ಹೋದಳು. ಕೌಸರ್ ಮತ್ತೆ ಏನನ್ನೂ ಬರೆಯಲಿಲ್ಲ.

ಆ ದಿನ ಕೂಡ್ಲಿಗಿಯಿಂದ ಹಿಂತಿರುಗುವ ಬಸ್ಸಿನಲ್ಲಿ ಗಿಡ್ಡಮ್ಮ ಮೆಲ್ಲಗೆ ಕೇಳಿದ್ದಳು: “ಕೌಸರ್, ನಾನು ಆಕಿ ಅವ್ವ ಹೌದಲ್ಲ?”

“ಹೌದಬೇ.”

ಗಿಡ್ಡಮ್ಮ ತಲೆಯಾಡಿಸಿದಳು. ಆದರೆ ಆ ಮಾತು ಅವಳಿಗೆ ನಂಬಿಕೆಯಾದಂತೆ ಕಾಣಲಿಲ್ಲ.