ಮುಂದೆ ಸರಿದ ಸೋಫಾ

ಆ ಚಳಿಗಾಲ ಬರ್ಗನ್ ಪಟ್ಟಣದ ನಮ್ಮ ರಂಗಮಂದಿರದಲ್ಲಿ ಎಲ್ಲರಿಗೂ ಐವರ್ ತ್ವೇತೆಯ ಮೇಲೆ ಅನುಮಾನ. ನಿರ್ದೇಶಕನೂ ಅವನೇ, ಮುಖ್ಯ ನಟನೂ ಅವನೇ. ತಾಲೀಮಿನಲ್ಲಿ ದಿನಾ ಸೋಫಾವನ್ನು ಒಂದಿಷ್ಟು ಮುಂದಕ್ಕೆ ಎಳೆಸುತ್ತಿದ್ದ. ಕೊನೆಗೆ ಅದು ರಂಗದ ಅಂಚಿನಲ್ಲಿ ನೆಲಕ್ಕಿಂತ ತಗ್ಗಿನಲ್ಲಿದ್ದ ನನ್ನ ಗೂಡಿನ ಬಾಯಿಗೇ ಬಂದಿತು. ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವುದು ನನ್ನ ಕೆಲಸ. ಅಲ್ಲಿ ಕೂತವಳಿಗೆ ಮುಖಕ್ಕಿಂತ ಬೂಟುಗಳೇ ಹೆಚ್ಚು ಪರಿಚಯ.

"ಬೆಳಕೆಲ್ಲ ತನ್ನ ಮೂತಿಗೇ ಬೀಳ್ಬೇಕು ಈ ಮುದುಕಂಗೆ," ಎಂದಳು ನಾಯಕಿ ರಾಗ್ನಿ. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿ, "ಅಥ್ವಾ ನಿಮ್ಮಿಬ್ರದ್ದೇನಾದ್ರೂ ನಡೀತಿದ್ಯೇನೇ, ಬೋರ್ಗಿಲ್?"

"ಥೂ! ಕಟ್ಕೊಂಡಿರೋ ಒಬ್ಬನ್ನೇ ಸಂಭಾಳಿಸಕ್ಕಾಗ್ತಿಲ್ಲ ನಂಗೆ."

ನನ್ನ ಅನುಮಾನ ಬೇರೆಯೇ ಇತ್ತು. ಐವರ್ ಪೀಪಾಯಿ ಮಾಡುವವನ ಮಗ. ಅಲೆಮಾರಿ ತಂಡ ಸೇರಿ, ಕರಾವಳಿಯ ಹಡಗಿನಲ್ಲಿ ಊರೂರು ತಿರುಗಿ, ಮೀನು ನಾರುವ ಸಭಾಭವನಗಳಲ್ಲಿ ಆಡಿ ಮೇಲೆ ಬಂದವನು. ಎಲ್ಲರ ಪಾತ್ರವೂ ಅವನಿಗೆ ಬಾಯಿಪಾಠ, ಅದೇ ಅವನ ಜಂಬ. ನಿರ್ದೇಶಕನಾದ ಮೇಲೆ, ಮಾತು ಮರೆತವರನ್ನು ಮುಲಾಜಿಲ್ಲದೆ ಹೊರಗೆ ಹಾಕಿದ್ದ. ಅಂಥವನ ಬೂಟು ಈಗ ಪ್ರತಿ ಮಾತಿಗೂ ಮುಂಚೆ ನನ್ನತ್ತ ತಿರುಗುತ್ತಿತ್ತು. ಆಡಳಿತ ಮಂಡಳಿಗೆ ಗೊತ್ತಾದರೆ ಅವನನ್ನು ಮನೆಗೆ ಕಳಿಸುತ್ತಿದ್ದರು. ಅವನಿಗೋ ರಂಗ ಬಿಟ್ಟರೆ ಬೇರೆ ಮನೆಯೇ ಇರಲಿಲ್ಲ. ನನಗೆ ಸಂಕಟವಾಗುತ್ತಿತ್ತು.

"ಏನು ಹಾಗೆ ನೋಡ್ತೀಯ? ಮಂಡಳಿಯೋರ ಹತ್ರ ಚಾಡಿ ಹೇಳೋಕಾ?" ಎಂದು ಒಮ್ಮೆ ಗದರಿದ.

"ನೋಡೋದೇ ನನ್ನ ಕೆಲ್ಸ ಅಲ್ವಾ, ತ್ವೇತೆಯವ್ರೇ."

ಮೊದಲ ಪ್ರದರ್ಶನದ ಸಂಜೆ ಮಂಡಳಿಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ರಂಗದ ಮಗ್ಗುಲಲ್ಲಿ ರಾಗ್ನಿ ವಾಡಿಕೆಯಂತೆ ಶುಭ ಕೋರಲು ಐವರನ ಭುಜದಾಚೆ "ತ್ವೀ ತ್ವೀ" ಎಂದು ಉಗಿದಳು. ಅದಕ್ಕೆ ಧನ್ಯವಾದ ಹೇಳಿದರೆ ಆಟ ಕೆಡುತ್ತದೆ. ಅದು ಹೊಸಬರಿಗೂ ಗೊತ್ತು, ಬಾಯಿ ಮುಚ್ಚಿಕೊಂಡಿರುತ್ತಾರೆ.

"ತುಂಬಾ ಥ್ಯಾಂಕ್ಸಮ್ಮಾ," ಎಂದ ಐವರ್.

ರಾಗ್ನಿಯ ಮುಖ ಬಿಳಿಚಿತು. ಅವನು ಅತ್ತ ಹೋದದ್ದೇ ನನ್ನ ತೋಳು ಹಿಡಿದಳು. "ಬೋರ್ಗಿಲ್, ಅವ್ರಿಗೆ ಮರೆವು ಕಣೇ! ನಾನು... ನಾನು ಸೋಫಾನ ಹಿಂದಕ್ಕೆ ಹಾಕ್ಸಿಬಿಟ್ಟೆ."

ಅಷ್ಟರಲ್ಲಿ ತೆರೆ ಏಳುವ ಗಂಟೆ ಮೊಳಗಿತು. ನಾನು ಗೂಡಿಗೆ ಓಡಿದೆ.

ಕೊನೆಯ ಅಂಕದಲ್ಲಿ, ದೂರದ ಸೋಫಾದಲ್ಲಿ ಕೂತವನ ಬಾಯಿ ತೆರೆದೇ ಉಳಿಯಿತು. ಪಿಸುಗುಟ್ಟಿದೆ, ಅವನಿಗೆ ಮುಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ರಾಗ್ನಿ ಎದ್ದು ಅವನ ಕೈ ಹಿಡಿದು, "ಅಲ್ಲಿ ತುಂಬಾ ಚಳಿ, ಬನ್ನಿ," ಎಂದು ನಾಟಕದಲ್ಲಿಲ್ಲದ ಮಾತಾಡಿ ನನ್ನ ಗೂಡಿನ ಮುಂದಕ್ಕೆ ನಡೆಸಿ ತಂದಳು. ಎರಡು ಜೊತೆ ಬೂಟು ನನ್ನ ಮೂಗಿನೆದುರು ನಿಂತವು. ನಾನು ಮಾತು ಕೊಟ್ಟೆ. ಅವನು ಆಡಿದ. ಎಷ್ಟು ಚೆನ್ನಾಗಿ ಆಡಿದ!

ತೆರೆ ಬಿದ್ದ ಮೇಲೆ ಐವರ್ ಗುಡುಗಿದ. "ಸೋಫಾ ಯಾರು ಮುಟ್ಟಿದ್ದು?"

"ನಾನೇ," ಎಂದಳು ರಾಗ್ನಿ. "ನಾಳೆ ನಾನೇ ಮುಂದಕ್ಕಿಡ್ತೀನಿ."

"ಯಾಕೆ?" ಅವನ ಕಣ್ಣು ಕಿರಿದಾಯಿತು.

ರಾಗ್ನಿ ಕೂದಲು ಸರಿಮಾಡಿಕೊಂಡಳು. "ಹಿಂದಿದ್ರೆ ಬೆಳಕು ನನ್ನ ಮೂತಿಗೆ ಬೀಳಲ್ಲ."