ಬಸವಲಿಂಗಪ್ಪನವರು ಬರೆದ ತೊಂಬತ್ತಾರು ಡಿಗ್ರಿ

ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಬಸವಲಿಂಗಪ್ಪನವರು ಕಾತ್ರಜದ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ಚನ್ನಬಸವ್ವ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅವೂ ಹಾಲಿನವನ ಜೊತೆ ಆ ಊರಿನ ಮರಾಠಿಯಲ್ಲಿ.

ಮೇಲಿನ ಮನೆಯ ಮಿಥುನ, ಮೈಸೂರು ಕಡೆಯ ಐಟಿಯವ, ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಇವರಿಗೆ ಕೊಟ್ಟ. ಭಾರಿ ನಿಧಾನ ಎಂದು ಇವರು ಗೊಣಗಿದರು. ಅದರ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಅಂತಾರೆ ಎಂದ ಅವನು.

"ಒಂದ್ಸಲಕ್ಕೆ ಒಂದೇ ಸ್ಟೆಪ್ ಏರಿಸಿ ಸಾರ್. ಆಮೇಲೆ ಒಂದು ಗಂಟೆ ಟೆಸ್ಟ್ ಓಡಿಸಿ, ಟೆಂಪರೇಚರ್ ನೋಡ್ತಾ ಇರಿ. ಎಂಬತ್ತೈದು ಡಿಗ್ರಿ ದಾಟಿದ್ರೆ ನಿಲ್ಲಿಸಿಬಿಡಿ. ವೋಲ್ಟೇಜ್ ಮಾತ್ರ ನಾನಿಲ್ದೆ ಮುಟ್ಬೇಡಿ."

"ಅಷ್ಟ ಹೌದಲ್ರಿ? ಬಾಯ್ಲರ್ ಮುಂದ ಮೂವತ್ತು ವರ್ಷ ಇದೇ ಕೆಲಸಾ ಮಾಡೀನ್ರಿ ನಾ."

ಹಾಳೆಗೆ ಗೆರೆ ಎಳೆದರು: ಸಮಯ, ವೇಗ, ಶಾಖ, ಸಹಿ. ಸಹಿ ಯಾರಿಗೆ ತೋರಿಸಲು ಎಂದು ಕೇಳಬೇಡಿ, ಅಭ್ಯಾಸಬಲ. ಕಣ್ಣಾರೆ ಕಾಣದ ಅಂಕಿಯನ್ನು ಈ ಮನುಷ್ಯ ಜನ್ಮದಲ್ಲಿ ಬರೆದವರಲ್ಲ. ಹಾಗೆ ಬರೆದ ಪಾಳಿಯ ಗೆಳೆಯನ ಜೊತೆ ಆರು ತಿಂಗಳು ಮಾತು ಬಿಟ್ಟ ಆಸಾಮಿ.

ವಾರಕ್ಕೊಂದು ಸ್ಟೆಪ್. ಭಾನುವಾರ ಹನ್ನೊಂದಕ್ಕೆ ಮಿಥುನ ಇಳಿದು ಬಂದು, ಹಾಳೆ ನೋಡಿ, ಒಂದು ತಾಸು ಹರಟೆ ಹೊಡೆದು ಹೋಗುತ್ತಿದ್ದ. ಉಳಿದ ದಿನವೆಲ್ಲ ಆ ತಾಸಿನ ದಾರಿ ಕಾಯುವುದೇ ಇವರ ಕೆಲಸ. ವೇಗ ಯಾರಿಗೆ ಬೇಕಿತ್ತು?

"ಮುಂದಿನ ಸ್ಟೆಪ್ಪೇ ಲಾಸ್ಟ್ ಸಾರ್. ಪಾಸಾದ್ರೆ ನಮ್ಮ ಕೆಲಸ ಮುಗೀತು," ಎಂದ ಒಂದು ಭಾನುವಾರ.

ಶನಿವಾರ ಮಧ್ಯಾಹ್ನ ಟೆಸ್ಟ್ ಓಡಿಸಿ, ಒಂದು ಗಂಟೆ ಕಣ್ಣು ಕೀಳದೆ ಕುಳಿತರು. ಶಾಖ ಎಪ್ಪತ್ತೆಂಟು ದಾಟಲಿಲ್ಲ. ಪಾಸು. ಇನ್ನು ಮಿಥುನ ಇಳಿದು ಬರಲು ಕಾರಣವೇ ಉಳಿಯಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದು, ಕೊನೆಗೆ "ತೊಂಬತ್ತಾರು. ನಲವತ್ತನೇ ನಿಮಿಷಕ್ಕೆ ಬಂದ್" ಎಂದು ಬರೆದು ಸಹಿ ಹಾಕಿದರು. ಶಾಖ ಏಕೆ ಏರಿತೆಂದು ಹುಡುಕಬೇಕು, ಫ್ಯಾನ್ ಬಿಚ್ಚಬೇಕು, ಇನ್ನು ನಾಲ್ಕು ಭಾನುವಾರವಾದರೂ ಅವನು ಬರಬೇಕು ಎಂಬ ಆಸೆ.

ಹಾಳೆ ನೋಡಿ ಮಿಥುನ ಗಾಬರಿಯಾದ. "ಬೇಡ ಸಾರ್, ಹಳೇ ಚಿಪ್, ರಿಸ್ಕ್ ತಗೊಳ್ಳೋದು ಬೇಡ." ಹತ್ತು ನಿಮಿಷದಲ್ಲಿ ಎಲ್ಲವನ್ನೂ ಕಂಪನಿಯ ವೇಗಕ್ಕೇ ಇಳಿಸಿದ. "ನೀವು ಇಷ್ಟು ಕರೆಕ್ಟಾಗಿ ಬರೆದಿಟ್ರಲ್ಲ, ಅದಕ್ಕೇ ಉಳೀತು. ಇನ್ನು ಚೆಕ್ ಮಾಡೋದು ಏನೂ ಇಲ್ಲ, ಆರಾಮಾಗಿ ಬಳಸಿ."

ಬರೆದದ್ದು ಸುಳ್ಳು ಎನ್ನಲು ಬಾಯಿ ತೆರೆದರು. "ಹೌದ್ರಿ" ಎಂದಷ್ಟೇ ಹೊರಬಿತ್ತು. ಸುಮ್ಮನೆ ಮಾತಾಡಲು ಬರ್ರಿ ಎಂದು ಕರೆಯಬಹುದಿತ್ತು. ಕೆಲಸದ ನೆಪವಿಲ್ಲದೆ ಯಾರನ್ನೂ ಕರೆದು ಅವರಿಗೆ ರೂಢಿಯಿರಲಿಲ್ಲ.

ಮುಂದಿನ ಭಾನುವಾರ ಹತ್ತೂವರೆಗೇ ಬಾಗಿಲು ತೆರೆದು ಕುಳಿತರು. ಹನ್ನೊಂದರ ಸುಮಾರಿಗೆ ಮಿಥುನ ಬೈಕಿನ ಕೀಲಿ ಹಿಡಿದು ಮೆಟ್ಟಿಲಿಳಿಯುತ್ತ ಬಾಗಿಲಲ್ಲಿ ಇಣುಕಿದ.

"ಕಂಪ್ಯೂಟರ್ ಹೇಗಿದೆ ಸಾರ್?"

"ಭಾಳ ಛಲೋ ನಡದದ್ರಿ."

ಅವನು ನಕ್ಕು ಇಳಿದು ಹೋದ. ಅವನು ವೇಗ ಇಳಿಸಿಹೋದ ದಿನದಿಂದ ಅವರು ಕಂಪ್ಯೂಟರನ್ನು ಹಚ್ಚಿಯೇ ಇರಲಿಲ್ಲ.