ಅಂಗಿ ಬಿಚ್ಚದ ನಟ

ಯಾರಾದರೂ ಹೊಗಳಿದ ಕೂಡಲೇ ಅವರ ಎಡಹುಬ್ಬು ಮೇಲೇರುತ್ತಿತ್ತು. ಬಲಹುಬ್ಬು ಇದ್ದಲ್ಲೇ ಇರುತ್ತಿತ್ತು. ಆ ಅಗಲವಾದ ಕಪ್ಪು ಮುಖದಲ್ಲಿ ಆಗ ಅರ್ಧ ನಗು, ಅರ್ಧ ವಿಚಾರಣೆ. ಹೊಗಳಿದವರು ಮಾತು ಮುಗಿಸುವುದರೊಳಗೆ ತಡವರಿಸುತ್ತಿದ್ದರು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅವರು ನಮ್ಮ ಎದುರು ಫ್ಲಾಟಿನವರು. ಕೆಲಸ ಫರ್ನಿಚರ್ ಗೋದಾಮಿನಲ್ಲಿ ಸೂಪರ್‌ವೈಸರ್. ಹೆಂಡತಿ ನರ್ಸ್, ಶಾಲೆಗೆ ಹೋಗುವ ಒಬ್ಬ ಮಗಳು. ರಜೆ ಸಿಕ್ಕಾಗ ಸಿನಿಮಾದಲ್ಲಿ ಪೆಟ್ಟು ತಿಂದು ಸಾಯುವ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಇಲ್ಲಿಗೆ ಚಿತ್ರೀಕರಣಕ್ಕೆ ಬರುವ ತಂಡಗಳಿಗೆ ಜಾಗ, ಜನ ಹೊಂದಿಸಿಕೊಡುವುದು ನನ್ನ ಉದ್ಯೋಗ.

ಕಟ್ಟಡದಲ್ಲಿ ಅವರನ್ನು ಕೀನ್ಯಾದವರೆಂದೋ ಸುಡಾನಿನವರೆಂದೋ ತಿಳಿದವರೇ ಹೆಚ್ಚು. ಒಂದು ಸಂಜೆ ಲಿಫ್ಟಿನಲ್ಲಿ ಅವರು ಮಗಳನ್ನು ಬೈಯುತ್ತಿದ್ದರು: "ಡಬ್ಬಿ ಮತ್ತೆ ಶಾಲೇಲೇ ಬಿಟ್ಟು ಬಂದ್ಯಾ? ತಲೆ ಒಂದು ಬಿಟ್ಟು ಬರ್ಲಿಲ್ಲ ನೋಡು!" ನನಗೆ ನಗು ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, "ನಗಬೇಡ ತಂಗಿ, ನಿಂಗೂ ಮಕ್ಕಳಾಗ್ತವೆ" ಎಂದರು.

ಅವರು ಯಲ್ಲಾಪುರ ಕಡೆಯ ಸಿದ್ದಿ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗುಗಳಲ್ಲಿ ಬಂದು, ನಮ್ಮ ನೆಲದಲ್ಲೇ ಬೇರೂರಿ ಕನ್ನಡದವರೇ ಆದವರ ಪೈಕಿ. ಉಡುಪಿಯವಳಾದ ನನಗೆ ಅಂದಿನಿಂದ ಅವರು ಅಣ್ಣ.

"ಬಾಯಿ ಹೊಗಳೋವಾಗ ಕೈ ಎಲ್ಲಿದೆ ನೋಡ್ಕ" ಎನ್ನುವುದು ಅವರ ಮಾತು. ಈ ಅನುಮಾನ ಹುಟ್ಟುಗುಣವಲ್ಲ. ಅದನ್ನು ಅವರಿಗೆ ಕಲಿಸಿದ್ದು ಸಿನಿಮಾದವರು.

ಬೆಂಗಳೂರಿನ ದೊಡ್ಡ ತಂಡವೊಂದು ಮರುಭೂಮಿಯಲ್ಲಿ ಹೊಡೆದಾಟದ ದೃಶ್ಯ ತೆಗೆಯುತ್ತಿತ್ತು. ಅಣ್ಣನದು ಮಾದಕವಸ್ತು ಸಾಗಿಸುವವನ ಪಾತ್ರ. ನಿರ್ದೇಶಕರು ಇಂಗ್ಲಿಷಿನಲ್ಲಿ, "ನಿಮ್ಮ ಭಾಷೆಯಲ್ಲೇ ಏನಾದರೂ ಕಿರುಚಿ" ಎಂದರು. ಕ್ಯಾಮೆರಾ ಓಡಿತು. ಅಣ್ಣ ಹೀರೋನತ್ತ ಕೈ ತೋರಿಸಿ ಗುಡುಗಿದರು: "ಇವ ಬೇಗ ಹೊಡೀಲಿಲ್ಲ ಅಂದ್ರೆ ಇವತ್ತು ಯಾರಿಗೂ ಊಟ ಇಲ್ರೋ!"

ಹೀರೋ ನಕ್ಕುಬಿಟ್ಟ. ನಿರ್ದೇಶಕರಿಗೆ ತಬ್ಬಿಬ್ಬು. "ಇದು ಕನ್ನಡ ಅಲ್ವೇನ್ರೀ?"

"ಹೌದು ಸಾರ್. ನನ್ನ ಭಾಷೆ ಅಂದ್ರಲ್ಲ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಚಿತ್ರ ತೆರೆಗೆ ಬಂದಾಗ ಅವರ ಬಾಯಿಂದ ಹೊರಟದ್ದು ಬೇರೆ ಯಾರದೋ ಧ್ವನಿಯ, ಯಾವ ದೇಶದ್ದೂ ಅಲ್ಲದ ಗುರ್ ಗುರ್ ಸದ್ದು. ಪಕ್ಕದಲ್ಲಿದ್ದ ಮಗಳು ಪಿಸುಗುಟ್ಟಿದಳು: "ಪಪ್ಪಾ, ವಾಟ್ ಆರ್ ಯು ಸೇಯಿಂಗ್?" ಅಷ್ಟರಲ್ಲಿ ತೆರೆಯ ಮೇಲೆ ಅವರು ಗುಂಡು ತಗುಲಿ ಮರಳಿಗೆ ಬಿದ್ದಿದ್ದರು.

ಆಮೇಲೆ ಬಹಳ ಕಾಲ ಅವರು ನನ್ನ ಯಾವ ಕರೆಗೂ ಒಪ್ಪಲಿಲ್ಲ. ಮೈಸೂರಿನ ಯುವ ನಿರ್ದೇಶಕನೊಬ್ಬ ಸಣ್ಣ ಬಂಡವಾಳದ ಚಿತ್ರಕ್ಕಾಗಿ ಅವರನ್ನೇ ಕೇಳಿಕೊಂಡು ಬಂದಾಗ ನನಗೂ ಅಳುಕಿತ್ತು. ಸಂದೇಹವೂ ಅಂಟುರೋಗವೇ. ತಮ್ಮ ಮನೆಯಲ್ಲೇ ಚಹಾ ಕುಡಿಯುತ್ತ ಅಣ್ಣ ವಿಚಾರಣೆ ಶುರು ಮಾಡಿದರು.

"ಡೋಲು ಬಾರಿಸೋದು ಉಂಟಾ?"

"ಇಲ್ಲ ಸಾರ್."

"ಕಾಡು? ಕುಣಿತ?"

"ಇಲ್ಲ. ಅಬುಧಾಬಿಯ ಒಬ್ಬ ಅಪ್ಪ, ಮಗಳು. ಮಗಳಿಗೆ ಕನ್ನಡ ಬೇಡ, ಅಪ್ಪನಿಗೆ ಬೇರೆ ಭಾಷೇಲಿ ಬೈಯೋಕೆ ಬರಲ್ಲ. ಅಷ್ಟೇ ಕಥೆ."

"ಹಂಗಾರೆ ನಾನೇ ಎಂತಕ್ಕೆ?"

"ನಿಮ್ಮ ಕಣ್ಣಲ್ಲಿ ತುಂಬಾ ನೋವಿದೆ ಸಾರ್."

ಹುಬ್ಬು ಏರಿತು. "ಅದು ಗೋದಾಮಿನ ಧೂಳು ತಮ್ಮಾ."

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಬಾಯಿ ಅವರದಾದರೆ ಧ್ವನಿಯೂ ಅವರದೇ.

ಖಾಲಿದಿಯಾ ಬಡಾವಣೆಯ ಬಾಡಿಗೆ ಫ್ಲಾಟಿನಲ್ಲಿ ಚಿತ್ರೀಕರಣ ಸುಸೂತ್ರವಾಗಿಯೇ ಸಾಗಿತ್ತು. ಕೊನೆಯ ದಿನ ನಿರ್ದೇಶಕ ಹುಡುಗ ಅಳುಕುತ್ತಲೇ ಕೇಳಿದ: "ಒಂದು ಶಾಟ್ ಹೊಳೀತು ಸಾರ್. ನೀವು ಅಂಗಿ ಬಿಚ್ಚಿ ಕಿಟಕಿ ಹತ್ರ ನಿಲ್ತೀರಿ. ಮೈಗೆ ಸ್ವಲ್ಪ ಎಣ್ಣೆ ಸವರೋಣ. ಬೆಳಕು ಚೆನ್ನಾಗಿ ಬೀಳುತ್ತೆ."

ಅಣ್ಣ ಕೋಪಗೊಳ್ಳಲಿಲ್ಲ. ನಿಧಾನವಾಗಿ ಕೇಳಿದರು: "ಈ ಪಾತ್ರ ನಿಮ್ಮಪ್ಪ ಮಾಡಿದ್ದಿದ್ರೆ, ಅವ್ರಿಗೆ ಎಣ್ಣೆ ಹಚ್ಚಿ ನಿಲ್ಲಿಸ್ತಿದ್ದೆಯಾ?"

ಹುಡುಗ ಕೆಂಪಾದ. ಮಾನಿಟರಿನ ಹಿಂದೆ ಹೋಗಿ ಕುಳಿತ. ಚಿತ್ರ ಅಲ್ಲಿಗೇ ನಿಂತಿತೆಂದು ನಾನು ಎಣಿಸಿದೆ. ಆಮೇಲೆ ಎದ್ದು ಬಂದು, "ಸಾರ್, ನಮ್ಮಪ್ಪ ದಿನಾ ಸಂಜೆ ಮರುದಿನದ ಅಂಗಿಗೆ ಇಸ್ತ್ರಿ ಹಾಕ್ತಿದ್ರು" ಎಂದ. "ಹಂಗೆ ಹೇಳು ಮತ್ತೆ. ಪೆಟ್ಟಿಗೆ ತಾ" ಎಂದರು ಅಣ್ಣ. ಆ ದೃಶ್ಯದಲ್ಲಿ ಅವರು ಅಂಗಿಯ ಕಾಲರನ್ನು ತೀಡುತ್ತ ಮಗಳಿಗೆ ಬೈಯುತ್ತಾರೆ. ಒಂದೇ ಸಲಕ್ಕೆ ಶಾಟ್ ಸರಿಯಾಯಿತು.

ದುಬೈಯ ಊದ್ ಮೇಥಾದ ಸಣ್ಣ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಅಣ್ಣ ಕೂರಲೇ ಇಲ್ಲ. ಮೋಸ ಕಂಡರೆ ಹೊರಗೆ ನಡೆಯಲು ಅನುಕೂಲವೆಂದು ಬಾಗಿಲ ಬಳಿ ನಿಂತರು. ತೆರೆಯ ಮೇಲಿನ ಅಪ್ಪ ಬಾಯಿ ತೆರೆದ. ಯಲ್ಲಾಪುರದ ಕನ್ನಡ, ಅವರದೇ ಗಂಟಲು. ಮುಂದಿನ ಸಾಲಿನಲ್ಲಿದ್ದ ಮಗಳು ಪಕ್ಕದ ಅಪರಿಚಿತ ಹೆಂಗಸಿನ ತೋಳು ಹಿಡಿದು ಹೇಳಿದಳು: "ಅದು ನಮ್ಮಪ್ಪ." ನಾನು ತಿರುಗಿ ನೋಡಿದೆ. ಅಣ್ಣ ಕರವಸ್ತ್ರಕ್ಕೆ ಜೇಬು ತಡಕುತ್ತಿದ್ದರು.

ಹೊರಗೆ ಬಂದ ಮೇಲೆ ಅಂದದ್ದು ಇಷ್ಟೇ: "ಈ ಸಲ ಸರಿ ಆತು. ಮುಂದಿನವ್ರನ್ನ ನಂಬಬೇಡ."

ಕಳೆದ ವರ್ಷ ಒಂದು ಬೆಳಿಗ್ಗೆ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ದೇಹವನ್ನು ಊರಿಗೆ ಕಳುಹಿಸಿದರು. ರಜೆಯಲ್ಲಿ ಊರಿಗೆ ಹೋದಾಗ ನಾನು ಉಡುಪಿಯಿಂದ ಬಸ್ಸು ಹಿಡಿದು ಯಲ್ಲಾಪುರಕ್ಕೆ ಹೋದೆ. ಅವರ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಗನ ದೊಡ್ಡ ಸಿನಿಮಾಗಳನ್ನೆಲ್ಲ ಟಿವಿಯಲ್ಲಿ ನೋಡಿದ್ದರಂತೆ. ಈ ಚಿಕ್ಕದನ್ನು ಯಾರೂ ತೋರಿಸಿರಲಿಲ್ಲ.

"ಅದ್ರಲ್ಲಿ ಅವ ಎಂತ ಮಾಡ್ತ?"

"ಮಗಳಿಗೆ ಬೈತಾರೆ ಅವ್ವಾ. ಅಂಗಿಗೆ ಇಸ್ತ್ರಿ ಹಾಕ್ತಾರೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ."

ಮುದುಕಿ ನನ್ನ ಮುಖವನ್ನೇ ದಿಟ್ಟಿಸಿದರು. ನಾನು ಸಮಾಧಾನಕ್ಕೆ ಏನೋ ಹೇಳುತ್ತಿದ್ದೇನೆಂಬ ಅನುಮಾನ ಆ ಕಣ್ಣುಗಳಲ್ಲಿತ್ತು.

"ಕಡೀಗೆ ಸಾಯ್ತನಾ?"

"ಇಲ್ಲ ಅವ್ವಾ" ಎಂದೆ. "ಸಾಯೋದಿಲ್ಲ."